ತಂಡದ ಮಾತಿಗೊಂದು ಮನೆ

ಮಕ್ಕಳ ವಿಜ್ಞಾನ ಪುಸ್ತಕಗಳನ್ನು ಕನ್ನಡಕ್ಕೆ ತರುವ 11 ಜನರ ತಂಡವೊಂದರಲ್ಲಿ ನಾನಿದ್ದೇನೆ. ಮೈಸೂರು, ಧಾರವಾಡ, ಶಿವಮೊಗ್ಗ, ಬೆಂಗಳೂರು ಎಂದು ಹಂಚಿಹೋಗಿದ್ದೇವೆ, ಒಬ್ಬರು ಮೆಲ್ಬರ್ನ್‌ನಲ್ಲಿದ್ದಾರೆ. ಯಾರಿಗೂ ಇದರಿಂದ ಸಂಬಳವಿಲ್ಲ, ಎಲ್ಲರಿಗೂ ಬೇರೆ ಉದ್ಯೋಗವಿದೆ. ಕೆಲಸವೆಲ್ಲ ಒಂದು ವಾಟ್ಸಾಪ್ ಗ್ರೂಪಿನಲ್ಲಿ ನಡೆಯುತ್ತಿತ್ತು. ಒಮ್ಮೆ ‘ಘರ್ಷಣೆ’ ಎಂಬ ಪದದ ಮೇಲೆ ಎರಡು ರಾತ್ರಿ ಚರ್ಚೆಯಾಯಿತು. ಪೇಪರಿನಲ್ಲಿ ಆ ಪದ ಬಂದರೆ ಎರಡು ಗುಂಪು ಹೊಡೆದಾಡಿದವು ಎಂದೇ ಅರ್ಥ, ಐದನೇ ತರಗತಿಯ ಮಗು ಚಕ್ರಕ್ಕೂ ರಸ್ತೆಗೂ ಜಗಳವೆಂದು ತಿಳಿದೀತು ಎಂದರು ಧಾರವಾಡದ ಟೀಚರ್. ‘ತಿಕ್ಕಾಟ’ ಎನ್ನೋಣವೆಂದರೆ ಅದೂ ಜಗಳದ ಮಾತೇ. ಕಡೆಗೆ, ಮೊದಲು ಉಜ್ಜುವುದು ಎಂದು ವಿವರಿಸಿ, ಶಾಲೆಯ ಪುಸ್ತಕದಲ್ಲಿ ಸಿಗುವ ‘ಘರ್ಷಣೆ’ಯನ್ನು ಆಮೇಲೆ ಪರಿಚಯಿಸುವುದೆಂದು ತೀರ್ಮಾನವಾಯಿತು.

ಒಂದೂವರೆ ವರ್ಷದ ಬಳಿಕ ಇನ್ನೊಂದು ಪುಸ್ತಕದಲ್ಲಿ ಅದೇ ಪದ ಎದುರಾಯಿತು. ಅಂದಿನ ತೀರ್ಮಾನ ಇಬ್ಬರಿಗೆ ಎರಡು ಬಗೆಯಾಗಿ ನೆನಪಿತ್ತು. ಒಬ್ಬರು ಫೋನ್ ಬದಲಿಸಿದ್ದರು, ಇನ್ನೊಬ್ಬರು ಜಾಗ ಸಾಲದೆ ಗ್ರೂಪಿನ ಮಾತೆಲ್ಲ ಅಳಿಸಿದ್ದರು, ಮೂವರು ಆಮೇಲೆ ಸೇರಿದವರು. ಎಲ್ಲವನ್ನೂ ಉಳಿಸಿಕೊಂಡಿದ್ದ ಒಬ್ಬರ ಫೋನಿನಲ್ಲಿ ದೀಪಾವಳಿ ಶುಭಾಶಯ, ಹುಟ್ಟುಹಬ್ಬದ ಕೇಕು, ಮಳೆಯ ವಿಡಿಯೋಗಳ ನಡುವೆ ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ಕೊನೆಯ ಮಾತು ಯಾವುದೋ ವಾಯ್ಸ್ ಮೆಸೇಜಿನಲ್ಲಿತ್ತು. ಇಡೀ ಚರ್ಚೆಯನ್ನು ಮತ್ತೊಮ್ಮೆ ಮಾಡಿದೆವು.

ಬೇರೆ ಬೇರೆ ಊರುಗಳಲ್ಲಿ ಕುಳಿತು ಒಟ್ಟಿಗೆ ಕೆಲಸ ಮಾಡುವವರು ಮಾತಾಡಿಕೊಳ್ಳಲು ಎಂಥ ಜಾಗ ಕಟ್ಟಿಕೊಳ್ಳಬೇಕು? ಇದು ಸಾಫ್ಟ್‌ವೇರ್ ಕಂಪನಿಗಳ ಪ್ರಶ್ನೆ ಎಂಬ ಭಾವನೆ ನಮ್ಮಲ್ಲಿದೆ. ರೈತ ಉತ್ಪಾದಕ ಕಂಪನಿಗೆ, ಊರೂರು ತಿರುಗುವ ನಾಟಕ ತಂಡಕ್ಕೆ, ಸ್ವಸಹಾಯ ಸಂಘಗಳ ಒಕ್ಕೂಟಕ್ಕೆ, ಕೆರೆ ಉಳಿಸಲು ಹೊರಟ ಯುವಕರಿಗೆ ಇದು ಅಷ್ಟೇ ಮುಖ್ಯ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ತಂಡದ ಮಾತು ತಂಡದ ಆಸ್ತಿ. ಅದು ಯಾರೋ ಒಬ್ಬರ ಫೋನಿನಲ್ಲಿ ಸಿಕ್ಕಿಹಾಕಿಕೊಳ್ಳಬಾರದು, ನಾಳೆ ಸೇರುವವರಿಗೂ ದಕ್ಕಬೇಕು, ಹುಡುಕಿದರೆ ಸಿಗಬೇಕು. ಯಾವ ಆ್ಯಪ್ ಎಂಬುದು ಇದಾದ ಮೇಲಿನ ಮಾತು.

ಇಂಥ ಜಾಗದ ಮೂಲ 1988ರಲ್ಲಿದೆ. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿದ್ದ ಯಾರ್ಕೊ ಒಯ್ಕರಿನೆನ್ ಆ ವರ್ಷದ ಆಗಸ್ಟ್‌ನಲ್ಲಿ ಐಆರ್‌ಸಿ ಎಂಬ ವ್ಯವಸ್ಥೆಯನ್ನು ಬರೆದರು. ಒಂದೊಂದು ವಿಷಯಕ್ಕೆ ಒಂದೊಂದು ಚಾನೆಲ್, ಚಾನೆಲ್ ಹೆಸರಿನ ಮೊದಲು # ಗುರುತು. ಇಂದಿನ ಆ್ಯಪ್‌ಗಳಲ್ಲಿ ಕಾಣುವ ಆ ಗುರುತು ಅಲ್ಲಿಂದಲೇ ಬಂದದ್ದು. ಆದರೆ ಐಆರ್‌ಸಿ ಊರ ಕಟ್ಟೆಯ ಹಾಗಿತ್ತು. ಹಾಜರಿದ್ದವರಿಗೆ ಮಾತ್ರ ಮಾತು. ಎದ್ದುಹೋಗಿ ಮರುದಿನ ಬಂದರೆ ನಡುವೆ ಏನು ನಡೆಯಿತೆಂದು ತಿಳಿಯುತ್ತಿರಲಿಲ್ಲ.

ಆ ಕೊರತೆಯನ್ನು ತುಂಬಿಕೊಂಡವರು ಒಂದು ಆಟ ಕಟ್ಟುತ್ತಿದ್ದವರು. ಸ್ಟೀವರ್ಟ್ ಬಟರ್‌ಫೀಲ್ಡ್ ಅವರ ಟೈನಿ ಸ್ಪೆಕ್ ಕಂಪನಿ ‘ಗ್ಲಿಚ್’ ಎಂಬ ಆನ್‌ಲೈನ್ ಆಟ ತಯಾರಿಸುತ್ತಿತ್ತು. ತಂಡದವರು ಬೇರೆ ಬೇರೆ ನಗರಗಳಲ್ಲಿದ್ದರು, ಐಆರ್‌ಸಿಯಲ್ಲಿ ಮಾತಾಡುತ್ತಿದ್ದರು. ಇಲ್ಲದಿದ್ದವರೂ ಬಂದು ಓದಲೆಂದು ಮೆಸೇಜುಗಳನ್ನು ಉಳಿಸಿಡುವ ಏರ್ಪಾಟನ್ನು ಜೋಡಿಸಿದರು, ಹುಡುಕುವ ಸೌಕರ್ಯ ಸೇರಿಸಿದರು. 2012ರಲ್ಲಿ ಆಟ ಮುಚ್ಚಿತು. ಉಳಿದದ್ದು ಮಾತಾಡಲು ಕಟ್ಟಿಕೊಂಡಿದ್ದ ಆ ಉಪಕರಣ. 2013ರ ಆಗಸ್ಟ್‌ನಲ್ಲಿ ಅದನ್ನು ಹೊರಗಿನವರಿಗೆ ತೋರಿಸಿದರು, 2014ರ ಫೆಬ್ರುವರಿಯಲ್ಲಿ ಬಿಡುಗಡೆ ಮಾಡಿದರು. ಅದೇ ಸ್ಲ್ಯಾಕ್. (ಬಟರ್‌ಫೀಲ್ಡ್ ಅವರಿಗೆ ಇದು ಎರಡನೇ ಸಲ. ಹಿಂದೆಯೂ ಒಂದು ಆಟ ಕಟ್ಟಲು ಹೋಗಿ 2004ರಲ್ಲಿ ಫ್ಲಿಕರ್ ಎಂಬ ಫೋಟೋ ತಾಣವನ್ನು ಕೊಟ್ಟಿದ್ದರು.) ಸ್ಲ್ಯಾಕ್ ಎಂಬ ಹೆಸರನ್ನು ಬಿಡಿಸಿದರೆ, ಎಲ್ಲ ಮಾತುಕತೆ ಮತ್ತು ತಿಳಿವಳಿಕೆಯ ಹುಡುಕಬಲ್ಲ ದಾಖಲೆ ಎಂದಾಗುತ್ತದೆ. ನಾನು ಆಸ್ತಿ ಎಂದದ್ದು ಇದನ್ನೇ.

ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲಿ ಇದೇ ಬಗೆಯ ಟೀಮ್ಸ್ ಹೊರತಂದಿತು. 2020ರ ಲಾಕ್‌ಡೌನ್ ಬಂದಾಗ ಮಾರ್ಚ್ ಮಧ್ಯದಲ್ಲಿ 4.4 ಕೋಟಿ ಇದ್ದ ಅದರ ದಿನನಿತ್ಯದ ಬಳಕೆದಾರರು ಏಪ್ರಿಲ್ ಕೊನೆಗೆ 7.5 ಕೋಟಿಯಾದರು. ನಮ್ಮಲ್ಲಿ ದೊಡ್ಡ ಕಚೇರಿಗಳು ಆ ದಾರಿ ಹಿಡಿದವು. ಸಣ್ಣ ತಂಡಗಳು ಮಾತ್ರ ಕೈಯಲ್ಲಿದ್ದ ವಾಟ್ಸಾಪ್‌ನಲ್ಲೇ ಉಳಿದವು. ಹಾಗಾಗಿ ಅದರ ಗುಣದೋಷಗಳನ್ನು ತುಸು ನಿಧಾನವಾಗಿ ನೋಡಬೇಕು.

ವಾಟ್ಸಾಪ್‌ನ ಗುಣ ದೊಡ್ಡದು. ಎಲ್ಲರ ಫೋನಿನಲ್ಲೂ ಇದೆ, ಯಾರಿಗೂ ಕಲಿಸಬೇಕಿಲ್ಲ, ಸಿಗ್ನಲ್ ಕ್ಷೀಣವಾಗಿರುವ ಮಲೆನಾಡಿನ ಮೂಲೆಯಲ್ಲೂ ಮೆಸೇಜ್ ಹೇಗೋ ತಲುಪುತ್ತದೆ. ಬರೆಯಲು ಕಷ್ಟಪಡುವವರು ಮಾತಾಡಿ ಕಳಿಸಬಹುದು. ನಾಳೆ ಬೆಳಿಗ್ಗೆ ಲಾರಿ ಎಷ್ಟು ಗಂಟೆಗೆ, ಯಾರ ತೋಟದಿಂದ ಎಷ್ಟು ಕ್ವಿಂಟಲ್ ಎಂದು ತಿಳಿಸುವ ಕೆಲಸಕ್ಕೆ ಇದಕ್ಕಿಂತ ಸಲೀಸಾದದ್ದಿಲ್ಲ. ಐದಾರು ಜನ, ಮೂರು ತಿಂಗಳಲ್ಲಿ ಮುಗಿಯುವ ಕೆಲಸವಾದರೆ ಬೇರೆ ಏನನ್ನೂ ಹುಡುಕಬೇಡಿ.

ತಂಡ ಬೆಳೆದಾಗ, ವರ್ಷಗಳು ದಾಟಿದಾಗ ತೊಡಕು ಶುರುವಾಗುತ್ತದೆ. ಹೊಸದಾಗಿ ಸೇರಿದವರಿಗೆ ಹಿಂದಿನ ಇಡೀ ಮಾತುಕತೆ ಸಿಗುವುದಿಲ್ಲ. ಎಲ್ಲ ವಿಷಯವೂ ಒಂದೇ ಹೊಳೆಯಲ್ಲಿ ಹರಿಯುತ್ತದೆ. ಮುದ್ರಣದ ಬಿಲ್ಲಿನ ಕೆಳಗೆ ಚಿತ್ರದ ಕರಡು, ಅದರ ಕೆಳಗೆ ಯಾರದೋ ತಾಯಿಯ ನಿಧನದ ಸುದ್ದಿ. ಅಂಥ ಸುದ್ದಿಗೆ ಎಲ್ಲರೂ ಸಂತಾಪ ಹೇಳುವಷ್ಟರಲ್ಲಿ ಬಿಲ್ಲು ಮೇಲಕ್ಕೆ ಸರಿದು ಮರೆಯಾಗಿರುತ್ತದೆ. ಸಂತಾಪ ಹೇಳದಿರಲು ಆದೀತೇ? ಮನುಷ್ಯರ ಮಾತಿಗೂ ಕೆಲಸದ ಮಾತಿಗೂ ಒಂದೇ ಬಾಗಿಲಿಟ್ಟದ್ದು ನಮ್ಮ ತಪ್ಪು. ಫಾರ್ವರ್ಡ್‌ಗಳ ಕಾಟ ಬೇರೆ. 2018ರಲ್ಲಿ ಮಕ್ಕಳ ಕಳ್ಳರ ಸುಳ್ಳು ಸುದ್ದಿ ಗ್ರೂಪಿನಿಂದ ಗ್ರೂಪಿಗೆ ಹರಿದು, ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯಲ್ಲೇ ಒಬ್ಬ ಯುವಕನ ಪ್ರಾಣ ಹೋಯಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸಿತು. ಕೆಲಸಕ್ಕೆಂದು ಮಾಡಿದ ಗ್ರೂಪುಗಳಿಗೂ ಅಂಥದ್ದು ನುಗ್ಗುತ್ತದೆ, ಏಕೆಂದರೆ ಬೆರಳಿಗೆ ಎರಡೂ ಒಂದೇ ಕಡೆ ಸಿಗುತ್ತವೆ.

ಹಾಗಾದರೆ ಮನೆ ಕಟ್ಟುವುದು ಹೇಗೆ? ನಾನು ಆ್ಯಪ್ ಆಯ್ಕೆಗಿಂತ ಮೊದಲು ಕೋಣೆಗಳ ನಕ್ಷೆ ಬರೆಯಿರಿ ಎನ್ನುತ್ತೇನೆ. ಇದಕ್ಕೊಂದು ಲೆಕ್ಕವಿದೆ. ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರ ತಮ್ಮ ‘ದಿ ಮಿಥಿಕಲ್ ಮ್ಯಾನ್ ಮಂತ್’ ಪುಸ್ತಕದಲ್ಲಿ ತೋರಿಸಿಕೊಟ್ಟ ಲೆಕ್ಕ ಅದು. ಐದು ಜನರಿದ್ದರೆ ಇಬ್ಬಿಬ್ಬರು ಮಾತಾಡುವ ಜೋಡಿಗಳು 10. ನಮ್ಮ ಹಾಗೆ 11 ಜನರಾದರೆ 55. ಮೂವತ್ತು ಜನರಾದರೆ 435. ಜನ ಆರು ಪಟ್ಟಾದರೆ ಮಾತಿನ ದಾರಿಗಳು 43 ಪಟ್ಟಿಗೂ ಹೆಚ್ಚು. ಎಲ್ಲರೂ ಎಲ್ಲವನ್ನೂ ಕೇಳಿಸಿಕೊಳ್ಳುವ ಒಂದೇ ಹಜಾರ ಇಷ್ಟನ್ನು ತಾಳಿಕೊಳ್ಳುವುದಿಲ್ಲ. ಎಲ್ಲವನ್ನೂ ಇಬ್ಬಿಬ್ಬರ ಖಾಸಗಿ ಮೆಸೇಜಿಗೆ ಬಿಟ್ಟರೆ ಇನ್ನೂ ಕೆಡುಕು. ಯಾರಿಗೆ ಏನು ಗೊತ್ತು ಎಂಬುದೇ ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಹಳೆಯ ತೊಟ್ಟಿಮನೆಗಳಲ್ಲಿ ಜಗಲಿಗೆ ಬಂದವರೆಲ್ಲ ಅಡುಗೆಮನೆಗೆ ಬರುತ್ತಿರಲಿಲ್ಲ. ಆದರೆ ತೊಟ್ಟಿಯಲ್ಲಿ ನಿಂತವರಿಗೆ ಯಾವ ಕೋಣೆಯಲ್ಲಿ ಏನು ನಡೆಯುತ್ತಿದೆ ಎಂಬುದರ ಅಂದಾಜು ಸಿಗುತ್ತಿತ್ತು. ಚಾನೆಲ್‌ಗಳ ನಕ್ಷೆಯೂ ಹಾಗಿರಬೇಕು. ವಾಟ್ಸಾಪ್ ಬಿಟ್ಟು ಹೊಸ ಜಾಗಕ್ಕೆ ಹೋದ ಮೊದಲ ಸಲ ನಾವು ಉತ್ಸಾಹದಲ್ಲಿ 14 ಚಾನೆಲ್ ತೆರೆದೆವು. ಪುಸ್ತಕಕ್ಕೊಂದು, ಚಿತ್ರಕಾರರಿಗೊಂದು, ಕರಡು ತಿದ್ದುವವರಿಗೊಂದು, ಮಾರಾಟಕ್ಕೊಂದು. ಒಂಬತ್ತು ಖಾಲಿ ಉಳಿದವು. ಯಾವುದನ್ನು ಎಲ್ಲಿ ಕೇಳಬೇಕೆಂದು ಗೊತ್ತಾಗದೆ ಜನ ಮತ್ತೆ ವಾಟ್ಸಾಪ್‌ಗೆ ಮರಳಿದರು. ಎರಡನೇ ಸಲ ಐದಕ್ಕೆ ಇಳಿಸಿದೆವು: ‘ಪ್ರಕಟಣೆ’, ‘ಪದಗಳು’, ‘ಚಿತ್ರ’, ‘ಅಚ್ಚು ಮತ್ತು ಲೆಕ್ಕ’, ‘ಹರಟೆ’. ‘ಪ್ರಕಟಣೆ’ಯಲ್ಲಿ ಬರೆಯುವ ಹಕ್ಕು ಇಬ್ಬರಿಗೆ ಮಾತ್ರ, ಓದುವುದು ಎಲ್ಲರಿಗೂ ಕಡ್ಡಾಯ. ‘ಹರಟೆ’ಯನ್ನು ತೆಗೆಯೋಣ ಎಂದವರಿದ್ದರು. ತೆಗೆದರೆ ಹರಟೆ ಮಿಕ್ಕ ನಾಲ್ಕು ಕೋಣೆಗೂ ನುಗ್ಗುತ್ತದೆ ಎಂದು ನಾನು ಹಟ ಹಿಡಿದೆ. ಸ್ಲ್ಯಾಕ್ ಕೂಡ ಮೊದಲಿನಿಂದ ಎಲ್ಲರಿಗೂ ಸೇರಿದ ‘ಜನರಲ್’ ಜೊತೆಗೆ ಹಗುರ ಮಾತಿಗೆ ‘ರ‍್ಯಾಂಡಮ್’ ಎಂಬ ಚಾನೆಲ್ಲನ್ನು ತಾನೇ ತೆರೆದು ಕೊಡುತ್ತಿತ್ತು.

ಕೋಣೆಯೊಳಗೆ ಮಾತನ್ನು ಹೇಗೆ ಜೋಡಿಸುವುದು ಎಂಬಲ್ಲಿ ಆ್ಯಪ್‌ಗಳು ಬೇರೆಯಾಗುತ್ತವೆ. ಸ್ಲ್ಯಾಕ್ 2017ರಲ್ಲಿ ಥ್ರೆಡ್ ತಂದಿತು; ಒಂದು ಮೆಸೇಜಿಗೆ ಬರುವ ಉತ್ತರಗಳೆಲ್ಲ ಅದರ ಬದಿಯಲ್ಲಿ ಸೇರುತ್ತವೆ. ಇದು ಬಳಸಿದರೆ ಉಂಟು, ಬಳಸದಿದ್ದರೆ ಇಲ್ಲ. ಒಬ್ಬರು ಥ್ರೆಡ್‌ನಲ್ಲಿ ಉತ್ತರಿಸಿದರೆ ಇನ್ನೊಬ್ಬರು ಹೊರಗೆ ಉತ್ತರಿಸುತ್ತಾರೆ. ಜುಲಿಪ್ ಎಂಬ ಇನ್ನೊಂದು ಆ್ಯಪ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಚಾನೆಲ್‌ನಲ್ಲಿ ಬರೆಯುವ ಮೆಸೇಜಿಗೆ ವಿಷಯದ ತಲೆಬರಹ ಇರುತ್ತದೆ. ‘ಪದಗಳು’ ಚಾನೆಲ್‌ನೊಳಗೆ ‘ಘರ್ಷಣೆ’ ಒಂದು ತಲೆಬರಹ, ‘ದ್ರವ್ಯರಾಶಿ’ ಇನ್ನೊಂದು. ಮೂರು ತಿಂಗಳ ಮೇಲೆ ಬಂದವರು ಆ ತಲೆಬರಹ ತೆರೆದರೆ ಆ ಪದದ ಚರಿತ್ರೆ ಮೊದಲಿನಿಂದ ಸಿಗುತ್ತದೆ. ಕಚೇರಿಯಲ್ಲಿ ಕಡತ ಇಡುವವರಿಗೆ ಈ ಕ್ರಮ ಹೊಸದಲ್ಲ. ವಾರಕ್ಕೆ ಎರಡು ಸಲ ಬಂದು ನೋಡುವ, ಹಗಲು ಬೇರೆ ಕೆಲಸವಿರುವ ನಮ್ಮಂಥವರಿಗೆ ಇದು ಸ್ಲ್ಯಾಕ್‌ಗಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ದಿನವಿಡೀ ಪರದೆಯ ಮುಂದಿದ್ದು ಒಬ್ಬರ ಮಾತಿಗೆ ಇನ್ನೊಬ್ಬರು ಕೂಡಲೇ ಸ್ಪಂದಿಸುವ ಕಚೇರಿಗೆ ಸ್ಲ್ಯಾಕ್ ಹಗುರ.

ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಒಂದು ಮಾತು ಗುರುತಿಸಿದ್ದರು: ಯಾವ ಸಂಸ್ಥೆಯೇ ಆಗಲಿ, ಅದು ಕಟ್ಟುವ ವ್ಯವಸ್ಥೆ ಅದರೊಳಗಿನ ಮಾತುಕತೆಯ ಆಕಾರವನ್ನೇ ತಳೆಯುತ್ತದೆ. ನಮ್ಮ ಮೊದಲ ಪುಸ್ತಕದಲ್ಲಿ ಚಿತ್ರಕ್ಕೂ ಪಠ್ಯಕ್ಕೂ ಹೊಂದಿಕೆ ಕಡಿಮೆಯಿತ್ತು. ಎಲ್ಲರೂ ಒಂದೇ ಗ್ರೂಪಿಗೆ ಬರುವ ಮುಂಚಿನ ಆ ದಿನಗಳಲ್ಲಿ ಚಿತ್ರಕಾರರು ಪ್ರತ್ಯೇಕ ಗ್ರೂಪಿನಲ್ಲಿದ್ದರು, ಅನುವಾದಕರು ಬೇರೆ ಗ್ರೂಪಿನಲ್ಲಿದ್ದರು. ಈಗ ‘ಚಿತ್ರ’ ಚಾನೆಲ್ ಎಲ್ಲರಿಗೂ ತೆರೆದಿದೆ. ಮುಚ್ಚಿದ ಚಾನೆಲ್ ಒಂದೂ ಇಲ್ಲ. ಸಂಬಳ, ಆರೋಗ್ಯ, ದೂರು ಇಂಥವುಗಳನ್ನು ಚರ್ಚಿಸುವ ಸಂಸ್ಥೆಗಳಿಗೆ ಮುಚ್ಚಿದ ಕೋಣೆ ಬೇಕೇ ಬೇಕು. ಅಷ್ಟು ಬಿಟ್ಟರೆ ಬಾಗಿಲು ತೆರೆದಿರಲಿ.

ಇನ್ನು ಆ್ಯಪ್‌ಗಳು. ಸ್ಲ್ಯಾಕ್, ಟೀಮ್ಸ್, ಗೂಗಲ್ ಚಾಟ್, ಚೆನ್ನೈನ ಜೋಹೊ ಕಂಪನಿಯ ಕ್ಲಿಕ್ ಇವೆಲ್ಲ ಕಂಪನಿಯ ಸರ್ವರಿನಲ್ಲಿ ನಡೆಯುತ್ತವೆ. ಈಗಾಗಲೇ ಮೈಕ್ರೋಸಾಫ್ಟ್ ಅಥವಾ ಗೂಗಲ್‌ನ ಕಚೇರಿ ಸೌಲಭ್ಯಕ್ಕೆ ಹಣ ಕಟ್ಟುತ್ತಿರುವವರು ಅದರ ಜೊತೆಗೇ ಬರುವುದನ್ನು ಬಳಸುವುದು ಸಹಜ. ಡಿಸ್ಕಾರ್ಡ್ 2015ರಲ್ಲಿ ಆಟಗಾರರಿಗೆಂದು ಬಂದದ್ದು. ಕಾಲೇಜು ಹುಡುಗರ ತಂಡಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಟೆಲಿಗ್ರಾಂ ಗ್ರೂಪಿನಲ್ಲಿ 2 ಲಕ್ಷ ಜನರ ತನಕ ಸೇರಬಹುದು, ಸಭೆಗೆ ಸರಿ, ಕೆಲಸಕ್ಕೆ ಅಷ್ಟಕ್ಕಷ್ಟೆ. ಇನ್ನೊಂದು ಬದಿಯಲ್ಲಿ ಮ್ಯಾಟರ್‌ಮೋಸ್ಟ್, ಬ್ರೆಜಿಲ್‌ನಲ್ಲಿ ಹುಟ್ಟಿದ ರಾಕೆಟ್ ಚಾಟ್, ಜುಲಿಪ್, ಮ್ಯಾಟ್ರಿಕ್ಸ್ ಇವೆ. ಇವುಗಳನ್ನು ನಿಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ಫ್ರಾನ್ಸ್ ಸರ್ಕಾರ ತನ್ನ ನೌಕರರಿಗೆಂದು ಕಟ್ಟಿಸಿದ ಚಾಪ್ ಮ್ಯಾಟ್ರಿಕ್ಸ್ ಮೇಲೆಯೇ ನಿಂತಿದೆ. ದಶಕಗಳ ಕಾಲ ಐಆರ್‌ಸಿಯಲ್ಲಿದ್ದ ಮೊಜಿಲ್ಲಾ 2020ರಲ್ಲಿ ಮ್ಯಾಟ್ರಿಕ್ಸ್‌ಗೆ ಬಂತು. ನಮ್ಮ ಕೇಂದ್ರ ಸರ್ಕಾರದ ಎನ್ಐಸಿ ಕೂಡ ‘ಸಂದೇಶ್’ ಎಂಬ ಆ್ಯಪ್ ತಂದಿದೆ.

ಬಿಟ್ಟಿ ಎಂದರೆ ಎಷ್ಟು ಬಿಟ್ಟಿ ಎಂಬುದನ್ನು ಸೇರುವ ಮೊದಲೇ ಓದಬೇಕು. ಸ್ಲ್ಯಾಕ್‌ನ ಉಚಿತ ಯೋಜನೆಯಲ್ಲಿ ಹಿಂದೆ ಕೊನೆಯ 10,000 ಮೆಸೇಜುಗಳು ಕಾಣುತ್ತಿದ್ದವು. 2022ರ ಸೆಪ್ಟೆಂಬರ್‌ನಿಂದ 90 ದಿನಗಳಷ್ಟೇ ಕಾಣುತ್ತವೆ. 2024ರ ಆಗಸ್ಟ್‌ನಿಂದ, ಉಚಿತ ಯೋಜನೆಯಲ್ಲಿ ಒಂದು ವರ್ಷಕ್ಕಿಂತ ಹಳೆಯದನ್ನು ಅಳಿಸಿಹಾಕುವ ನಿಯಮವೂ ಬಂತು. ನಮ್ಮ ‘ಘರ್ಷಣೆ’ಯ ಚರ್ಚೆ ಒಂದೂವರೆ ವರ್ಷ ಹಳೆಯದು. ಅದು ಅಲ್ಲಿದ್ದರೂ ನಮಗೆ ಸಿಗುತ್ತಿರಲಿಲ್ಲ.

ಹಣ ಕಟ್ಟಿದರೆ ನಿಶ್ಚಿಂತೆಯೇ? ಸೇಲ್ಸ್‌ಫೋರ್ಸ್ ಕಂಪನಿ ಸ್ಲ್ಯಾಕ್ ಅನ್ನು 2,770 ಕೋಟಿ ಡಾಲರಿಗೆ ಕೊಳ್ಳುವುದಾಗಿ 2020ರಲ್ಲಿ ಹೇಳಿತು, 2021ರಲ್ಲಿ ಕೊಂಡಿತು. 2025ರ ಸೆಪ್ಟೆಂಬರ್‌ನಲ್ಲಿ, ಹದಿಹರೆಯದವರಿಗೆ ಪ್ರೋಗ್ರಾಮಿಂಗ್ ಕಲಿಸುವ ಹ್ಯಾಕ್ ಕ್ಲಬ್ ಎಂಬ ಅಮೆರಿಕದ ಲಾಭರಹಿತ ಸಂಸ್ಥೆಗೆ ವರ್ಷಕ್ಕೆ ಸುಮಾರು 2 ಲಕ್ಷ ಡಾಲರ್ ಕಟ್ಟಬೇಕೆಂಬ ಸೂಚನೆ ಹೋಯಿತು. ಹಿಂದೆ ಕಟ್ಟುತ್ತಿದ್ದುದಕ್ಕಿಂತ ಅದು ಹತ್ತಾರು ಪಟ್ಟು ಹೆಚ್ಚು. ಕೊಟ್ಟ ಗಡುವು ದಿನಗಳ ಲೆಕ್ಕದ್ದು. ಸುಮಾರು 11 ವರ್ಷಗಳ ಅವರ ಮಾತುಕತೆ ಅಲ್ಲಿತ್ತು. ಅವರು ಅದನ್ನು ಬಹಿರಂಗವಾಗಿ ಹೇಳಿ ಮ್ಯಾಟರ್‌ಮೋಸ್ಟ್‌ಗೆ ಹೋಗುತ್ತೇವೆಂದಾಗ ಲೋಕವೆಲ್ಲ ಮಾತಾಡಿತು, ಕಂಪನಿ ಹಿಂದೆ ಸರಿಯಿತು. ಅಷ್ಟು ಗಟ್ಟಿಯಾಗಿ ಕೂಗಬಲ್ಲ ಶಕ್ತಿ ಹಾವೇರಿಯ ಒಂದು ಸಂಘಕ್ಕೆ ಇರುವುದಿಲ್ಲ.

ಮನೆಯೇ ಮುಚ್ಚಿಹೋಗುವುದೂ ಉಂಟು. ಆರ್ಕುಟ್ 2014ರಲ್ಲಿ ಹೋಯಿತು. ಸ್ಲ್ಯಾಕ್‌ಗಿಂತ ಮೊದಲೇ ಹೆಸರು ಮಾಡಿದ್ದ ಹಿಪ್‌ಚಾಟ್ 2019ರ ಫೆಬ್ರುವರಿಯಲ್ಲಿ ನಿಂತಿತು. ಎಷ್ಟೋ ಕನ್ನಡ ಕೂಟಗಳೂ ಸಾಹಿತ್ಯದ ಗೆಳೆಯರೂ ಬಳಸುತ್ತಿದ್ದ ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ, ಸ್ಕೈಪ್ 2025ರ ಮೇನಲ್ಲಿ ಮುಚ್ಚಿದವು. ಆದ್ದರಿಂದ ಯಾವ ಆ್ಯಪ್ ನೋಡಿದರೂ ನಾನು ಕೇಳುವ ಮೊದಲ ಪ್ರಶ್ನೆ, ನಾಳೆ ಇಲ್ಲಿಂದ ಹೊರಡಬೇಕಾದರೆ ನಮ್ಮ ಮಾತನ್ನು ಕಟ್ಟಿಕೊಂಡು ಹೋಗಲು ಬಿಡುತ್ತಾರೆಯೇ? ಜುಲಿಪ್ ಮತ್ತು ಮ್ಯಾಟರ್‌ಮೋಸ್ಟ್ ಸ್ಲ್ಯಾಕ್‌ನಿಂದ ತೆಗೆದ ದಾಖಲೆಯನ್ನು ಒಳಗೆ ತಂದುಕೊಳ್ಳುತ್ತವೆ. ವಾಟ್ಸಾಪ್ ನಿಮ್ಮ ಫೋನಿನಲ್ಲಿರುವ ಚಾಟನ್ನು ಒಂದು ಸಾದಾ ಫೈಲಾಗಿ ಕೊಡುತ್ತದೆ. ಏನೂ ಇಲ್ಲದಿರುವುದಕ್ಕಿಂತ ವಾಸಿ.

ಸ್ವಂತ ಸರ್ವರಿನ ಮಾತು ಕೇಳಿದಷ್ಟು ಕಷ್ಟವಲ್ಲ, ಹೇಳಿದಷ್ಟು ಸುಲಭವೂ ಅಲ್ಲ. ನೂರಕ್ಕಿಂತ ಕಡಿಮೆ ಜನರಿಗೆ ಜುಲಿಪ್ ನಡೆಸಲು 2 ಜಿಬಿ ಮೆಮೊರಿಯ ಸಣ್ಣ ಬಾಡಿಗೆ ಸರ್ವರ್ ಸಾಕು. ಆದರೆ ಅದನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡುವವರು, ಬ್ಯಾಕಪ್ ತೆಗೆಯುವವರು, ಆ ಬ್ಯಾಕಪ್ ನಿಜಕ್ಕೂ ತೆರೆಯುತ್ತದೆಯೇ ಎಂದು ವರ್ಷಕ್ಕೊಮ್ಮೆ ನೋಡುವವರು ಬೇಕು. ತಂಡದಲ್ಲಿ ಅಂಥ ಇಬ್ಬರಿಲ್ಲದಿದ್ದರೆ ಆ ದಾರಿಗೆ ಹೋಗಬೇಡಿ. ಒಬ್ಬರಿದ್ದರೆ ಸಾಲದು, ಅವರಿಗೆ ಮದುವೆಯಾಗುತ್ತದೆ, ವರ್ಗವಾಗುತ್ತದೆ, ಜ್ವರ ಬರುತ್ತದೆ.

ಬೀಗದ ಕೈ ಯಾರ ಬಳಿ ಇರಬೇಕು ಎಂಬುದನ್ನು ನಮ್ಮ ಸಂಘಗಳು ಎಲ್ಲಕ್ಕಿಂತ ಕಡೆಗಣಿಸಿವೆ. ಗ್ರೂಪ್ ಮಾಡಿದವರೇ ಅಡ್ಮಿನ್, ಅವರೇ ಕೊನೆಯ ತನಕ. ಅವರ ಫೋನು ಕಳೆದರೆ ಅಥವಾ ಮನಸ್ತಾಪವಾದರೆ ತಂಡವೇ ಬೀದಿಗೆ ಬೀಳುತ್ತದೆ. ಒಳಗೆ ಬರುವವರ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. 2025ರ ಮಾರ್ಚ್‌ನಲ್ಲಿ ಅಮೆರಿಕದ ಉನ್ನತ ಅಧಿಕಾರಿಗಳು ಯೆಮೆನ್ ಮೇಲಿನ ದಾಳಿಯ ಬಗ್ಗೆ ಸಿಗ್ನಲ್ ಆ್ಯಪ್‌ನ ಗ್ರೂಪೊಂದರಲ್ಲಿ ಚರ್ಚಿಸುತ್ತಿದ್ದಾಗ, ‘ದಿ ಅಟ್ಲಾಂಟಿಕ್’ ಪತ್ರಿಕೆಯ ಸಂಪಾದಕ ಜೆಫ್ರಿ ಗೋಲ್ಡ್‌ಬರ್ಗ್ ಕಣ್ತಪ್ಪಿನಿಂದ ಅದರೊಳಗೆ ಸೇರಿಸಲ್ಪಟ್ಟಿದ್ದರು. ಸಿಗ್ನಲ್‌ನ ಗೂಢಲಿಪಿಯನ್ನು ಯಾರೂ ಮುರಿದಿರಲಿಲ್ಲ. ಬಾಗಿಲಲ್ಲಿ ಬಂದವರು ಯಾರೆಂದು ಯಾರೂ ನೋಡಿರಲಿಲ್ಲ, ಅಷ್ಟೆ. ನಮ್ಮಲ್ಲಿ ಈಗ ಇಬ್ಬರು ಅಡ್ಮಿನ್‌ಗಳಿದ್ದಾರೆ, ಮೂರು ತಿಂಗಳಿಗೊಮ್ಮೆ ಸದಸ್ಯರ ಪಟ್ಟಿ ಓದುತ್ತಾರೆ. ತಂಡ ಬಿಟ್ಟವರ ಖಾತೆ ಮುಚ್ಚುತ್ತಾರೆ. ಅವರು ಬರೆದದ್ದು ಅವರ ಹೆಸರಿನಲ್ಲಿಯೇ ಉಳಿಯುತ್ತದೆ.

ಹಳೆಯ ಗ್ರೂಪಿನಲ್ಲಿ ಸೇರಿದ ಕೂಡಲೇ ಪ್ರತಿಯೊಬ್ಬರ ಫೋನ್ ನಂಬರ್ ಎಲ್ಲರಿಗೂ ಕಂಡಿತ್ತು. ನಮ್ಮ ಇಬ್ಬರು ಯುವ ಚಿತ್ರಕಾರ್ತಿಯರಿಗೆ ಇದು ಮುಜುಗರದ ಸಂಗತಿಯಾಗಿತ್ತೆಂದು ಅವರು ಹೇಳಿದ್ದು ಹೊಸ ಜಾಗಕ್ಕೆ ಬಂದ ಮೇಲೆ. ಯಾವ ಸಂಘವೂ ಆಧಾರ್ ಕಾರ್ಡಿನ ಫೋಟೋ, ಪಾಸ್‌ಬುಕ್ಕಿನ ಮೊದಲ ಪುಟ, ರೋಗಿಯ ವರದಿಗಳನ್ನು ಗ್ರೂಪಿಗೆ ಹಾಕಿಸಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಬಗ್ಗೆ, ಉದ್ದೇಶ ತೀರಿದ ಮೇಲೆ ಮಾಹಿತಿಯನ್ನು ಅಳಿಸುವ ಬಗ್ಗೆ ಮಾತಾಡುತ್ತದೆ. ನೂರು ಫೋನುಗಳಿಗೆ ಇಳಿದ ಫೋಟೋವನ್ನು ಅಳಿಸುವವರು ಯಾರು?

ಕನ್ನಡದಲ್ಲಿ ಕೆಲಸ ಮಾಡುವ ತಂಡಕ್ಕೆ ಇನ್ನೊಂದು ಪ್ರಶ್ನೆಯಿದೆ, ಅದನ್ನು ಯಾವ ಆ್ಯಪಿನ ಜಾಹೀರಾತೂ ಎತ್ತುವುದಿಲ್ಲ. ಕನ್ನಡದಲ್ಲಿ ಹುಡುಕಿದರೆ ಸಿಗುತ್ತದೆಯೇ? ನಮ್ಮ ಪದಗಳ ಕೊನೆ ಬದಲಾಗುತ್ತಲೇ ಇರುತ್ತದೆ. ‘ಪುಸ್ತಕ’ ಎಂದು ಹುಡುಕಿದರೆ ಪದದ ಆರಂಭವನ್ನು ನೋಡುವ ಆ್ಯಪ್ ‘ಪುಸ್ತಕದ’, ‘ಪುಸ್ತಕಕ್ಕೆ’ ಎಂಬುವನ್ನು ಹಿಡಿದೀತು. ‘ಬೆಳಕು’ ಎಂದು ಹುಡುಕಿದರೆ ‘ಬೆಳಕಿನ’ ಸಿಗದು, ಏಕೆಂದರೆ ಕೊಂಬು ಹೋಗಿ ಗುಡಿಸು ಬಂದಿದೆ. ‘ಬೆಳಕ’ ಎಂದು ನಿಲ್ಲಿಸಿ ಹುಡುಕಬೇಕು. ‘ಸಾಫ್ಟ್‌ವೇರ್’ ಎಂಬಂಥ ಪದದಲ್ಲಿ ಒತ್ತಕ್ಷರವಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಒಬ್ಬರ ಕೀಬೋರ್ಡು ಅದನ್ನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ, ಕಂಪ್ಯೂಟರಿಗೆ ಎರಡೂ ಬೇರೆ ಪದ. ಸ್ವಂತ ಸರ್ವರಿನಲ್ಲಿ ಜುಲಿಪ್ ನಡೆಸುವವರು ಪಿಜಿರೂಂಗಾ ಎಂಬ ಹೆಚ್ಚುವರಿ ಸೌಲಭ್ಯ ಸೇರಿಸಿಕೊಂಡರೆ ಇಂಗ್ಲಿಷೇತರ ಭಾಷೆಗಳ ಹುಡುಕಾಟ ಉತ್ತಮವಾಗುತ್ತದೆ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತದ ತೊಂದರೆ ಪುಸ್ತಕದ ಕೆಲಸದವರಿಗೆಲ್ಲ ಗೊತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನವಿದ್ದರೂ ಎಷ್ಟೋ ಮುದ್ರಣಾಲಯಗಳು ಇನ್ನೂ ಹಳೆಯ ಕ್ರಮದಲ್ಲಿವೆ. ಅಂಥ ಪಠ್ಯವನ್ನು ಚಾಟಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಪರಿವರ್ತಿಸಿಯೇ ಹಾಕಬೇಕೆಂದು ನಿಯಮ ಮಾಡಿದೆವು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಅಭ್ಯಾಸ ಇನ್ನೊಂದು. ಒಂದೇ ಪದಕ್ಕೆ ನಾಲ್ಕು ಜನ ನಾಲ್ಕು ಕಾಗುಣಿತ. ಹರಟೆಯಲ್ಲಿ ಹೇಗಾದರೂ ಬರೆಯಲಿ, ತೀರ್ಮಾನವನ್ನು ಕನ್ನಡ ಲಿಪಿಯಲ್ಲೇ ಬರೆಯಬೇಕು. ಯಾವ ಚರ್ಚೆ ಮುಗಿದರೂ ಒಬ್ಬರು ‘ತೀರ್ಮಾನ:’ ಎಂದು ಆರಂಭಿಸಿ ಎರಡು ಸಾಲು ಬರೆಯುತ್ತಾರೆ, ಕಾರಣವನ್ನೂ ಸೇರಿಸುತ್ತಾರೆ. ವಾಯ್ಸ್ ಮೆಸೇಜ್ ಕಳಿಸಿದರೆ ಕೇಳಿದವರೊಬ್ಬರು ಅದರ ಸಾರವನ್ನು ಬರೆದುಹಾಕುತ್ತಾರೆ. ಈಗ ‘ತೀರ್ಮಾನ’ ಎಂದು ಹುಡುಕಿದರೆ ನಮ್ಮ ಎರಡು ವರ್ಷಗಳ ಒಪ್ಪಂದಗಳೆಲ್ಲ ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಇದಕ್ಕೆ ಯಾವ ತಂತ್ರಜ್ಞಾನವೂ ಬೇಕಾಗಲಿಲ್ಲ.

ಈ ಉಪಾಯವನ್ನು ನಾವು ಕಲಿತದ್ದು ಕನ್ನಡ ವಿಕಿಪೀಡಿಯದಿಂದ. 2003ರಲ್ಲಿ ಆರಂಭವಾದ ಆ ವಿಶ್ವಕೋಶದ ಸಂಪಾದಕರು ಒಟ್ಟಾಗಿ ಚರ್ಚಿಸುವ ಪುಟದ ಹೆಸರು ‘ಅರಳಿ ಕಟ್ಟೆ’. ಅಲ್ಲಿ ಯಾರು, ಯಾವಾಗ, ಏನು ಹೇಳಿದರು ಎಂಬುದೆಲ್ಲ ಉಳಿದಿದೆ, ಹೊಸಬರೂ ಹಿಂದಕ್ಕೆ ಹೋಗಿ ಓದಬಹುದು. ಊರ ಕಟ್ಟೆಯ ಮಾತು ಗಾಳಿಗೆ ಹೋಗುತ್ತಿತ್ತು. ಈ ಕಟ್ಟೆಯದು ಹೋಗುವುದಿಲ್ಲ.

ಹೊತ್ತಿನ ಲೆಕ್ಕವನ್ನು ಚಿಕ್ಕದಾಗಿ ಹೇಳುತ್ತೇನೆ. ನಮ್ಮಲ್ಲಿ ರಾತ್ರಿ ಒಂಬತ್ತೂವರೆ ಎಂದರೆ ಮೆಲ್ಬರ್ನ್‌ನ ಚಳಿಗಾಲದಲ್ಲಿ ನಡುರಾತ್ರಿ ಎರಡು ಗಂಟೆ. ಅಲ್ಲಿನ ಗೆಳತಿಯ ಫೋನು ಆ ಹೊತ್ತಿನಲ್ಲಿ ಬಡಿದುಕೊಳ್ಳುತ್ತಿತ್ತು. ಕೆಲಸದ ವೇಳೆ ಮುಗಿದ ಮೇಲೆ ಬಂದ ಮೆಸೇಜಿಗೆ ಉತ್ತರಿಸದಿರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರ ಆಗಸ್ಟ್‌ನಲ್ಲಿ ಕಾನೂನಾಗಿ ತಂದವು. ನಮ್ಮ ಲೋಕಸಭೆಯಲ್ಲಿ ಸುಪ್ರಿಯಾ ಸುಳೆ 2018ರಲ್ಲಿ ಇಂಥ ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. ಸಂಬಳವಿಲ್ಲದೆ ಪ್ರೀತಿಯಿಂದ ದುಡಿಯುವ ತಂಡಗಳಿಗೆ ಕಾನೂನು ಹೇಗೂ ಅನ್ವಯಿಸದು. ಅಲ್ಲಿ ಒತ್ತಾಯ ಇನ್ನೂ ನಯವಾಗಿರುತ್ತದೆ: ‘ನೋಡಿದ್ರೂ ಉತ್ತರ ಕೊಡಲಿಲ್ಲ’ ಎಂಬ ಬೇಸರ. ಎರಡು ದಿನದೊಳಗೆ ಉತ್ತರ ಕೊಟ್ಟರೆ ಸಾಕು, ತುರ್ತಿದ್ದರೆ ಫೋನ್ ಮಾಡಿ ಎಂದು ‘ಪ್ರಕಟಣೆ’ಯ ಮೊದಲ ಸಾಲಿನಲ್ಲೇ ಬರೆದಿಟ್ಟಿದ್ದೇವೆ.

ಜಾಗ ಬದಲಿಸುವಾಗ ಜನರನ್ನು ಕರೆತರುವುದೇ ದೊಡ್ಡ ಕೆಲಸ. ನಮ್ಮಲ್ಲಿ ಭೌತವಿಜ್ಞಾನದ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ, ಮೈಸೂರಿನವರು. “ಇನ್ನೊಂದು ಆ್ಯಪ್ ಯಾಕಮ್ಮಾ? ಇರೋದರಲ್ಲೇ ಮಾತಾಡ್ತಿದ್ದೀವಲ್ಲ” ಎಂದರು. ಗ್ರೂಪಿನಲ್ಲಿ ವಾದಿಸಲಿಲ್ಲ, ಒಂದು ಭಾನುವಾರ ಅವರ ಮನೆಗೆ ಹೋದೆ. “ಸಾರ್, ನೀವು ಹಿಂದೆ ‘ದ್ರವ್ಯರಾಶಿ’ಗೂ ‘ತೂಕ’ಕ್ಕೂ ವ್ಯತ್ಯಾಸ ಬರೆದಿದ್ದಿರಲ್ಲ, ಅದನ್ನ ಹುಡುಕಿ ಕೊಡಿ” ಎಂದೆ. ಹತ್ತು ನಿಮಿಷ ಫೋನು ಉಜ್ಜಿದರು, ಸಿಗಲಿಲ್ಲ. ಹೊಸ ಜಾಗದಲ್ಲಿ ಅದೇ ತಲೆಬರಹ ತೆರೆದು ಅವರೇ ಮತ್ತೆ ಬರೆದರು. ಈ ಸಲ ಉದಾಹರಣೆಗಳ ಸಮೇತ ಎರಡು ಪುಟದಷ್ಟು. ಇಂದು ‘ಪದಗಳು’ ಚಾನೆಲ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಬರೆಯುವವರು ಅವರು. ಎಲ್ಲರಿಗೂ ಹೀಗಾಗುವುದಿಲ್ಲ. ಮನೆಗೆಲ್ಲ ಒಂದೇ ಫೋನಿರುವ, ಅದೂ ಗಂಡ ಕೆಲಸಕ್ಕೆ ಒಯ್ಯುವ ಹೆಣ್ಣುಮಕ್ಕಳ ಸಂಘಕ್ಕೆ ಯಾವ ಆ್ಯಪೂ ಒಗ್ಗದು. ಅಲ್ಲಿ ವಾರದ ಸಭೆ ಮತ್ತು ನಡಾವಳಿ ಪುಸ್ತಕವೇ ಸರಿಯಾದ ವ್ಯವಸ್ಥೆ, ಅದನ್ನು ಹಳತೆಂದು ಬಿಡಿಸಬೇಡಿ. ತಂಡದ ಮಾತು ತಂಡದ ಬಳಿಯೇ ಉಳಿಯಬೇಕೆಂಬುದನ್ನು ಆ ಪುಸ್ತಕ ಇಷ್ಟು ವರ್ಷ ನಡೆಸಿಕೊಂಡು ಬಂದಿದೆ.

ಇದನ್ನು ಓದುತ್ತಿರುವ ನೀವು ಯಾವುದಾದರೂ ತಂಡದಲ್ಲಿ, ಸಂಘದಲ್ಲಿ ಇದ್ದೇ ಇರುತ್ತೀರಿ. ಇವತ್ತು ರಾತ್ರಿ ನಿಮ್ಮ ಗ್ರೂಪು ತೆರೆದು ಅಡ್ಮಿನ್ ಎಷ್ಟು ಜನರೆಂದು ನೋಡಿ. ಒಬ್ಬರೇ ಇದ್ದರೆ ಇನ್ನೊಬ್ಬರನ್ನು ಸೇರಿಸಲು ಹೇಳಿ. ಆಮೇಲೆ ಇಲ್ಲಿಯ ತನಕದ ಮಾತುಕತೆಯ ಒಂದು ಪ್ರತಿಯನ್ನು ಹೊರತೆಗೆದು, ಎರಡು ಕಡೆ ಇಡಿ.